ಬಾಡಿಗೆಯ ಮನೆಯ ದೀಪದ ಲೆಕ್ಕ

ಬಾಡಿಗೆಯ ಮನೆಯನ್ನು ನೋಡಲು ಹೋದವರು ಏನೇನನ್ನು ನೋಡುತ್ತಾರೆ? ಬಾವಿಯಲ್ಲಿ ನೀರುಂಟೇ ಎಂದು ಬಗ್ಗಿ ನೋಡುತ್ತಾರೆ. ಮಾಡು ಸೋರುವುದೇ ಎಂದು ತಲೆಯೆತ್ತಿ ನೋಡುತ್ತಾರೆ. ಅಡುಗೆಯ ಮನೆಗೆ ಗಾಳಿ ಬೆಳಕು ಇದೆಯೇ ಎಂದು ಗೃಹಿಣಿ ವಿಚಾರಿಸುತ್ತಾಳೆ. ಆದರೆ ಬಾಗಿಲಿನ ಪಕ್ಕದಲ್ಲಿ, ಜೇಡರ ಬಲೆಯ ಮರೆಯಲ್ಲಿ, ಕೆಂಪು ಕಣ್ಣನ್ನು ಮಿಟುಕಿಸುತ್ತ ಕುಳಿತಿರುವ ಸಣ್ಣ ಪೆಟ್ಟಿಗೆಯೊಂದನ್ನು ನೋಡುವವರು ವಿರಳ. ಅದೇ ವಿದ್ಯುತ್ತಿನ ಮೀಟರು. ತಿಂಗಳು ಕಳೆದು ಬಿಲ್ಲು ಬಂದಾಗಲಷ್ಟೆ ಅದರ ನೆನಪಾಗುವುದು. ಆಗ ಮನೆಯ ಯಜಮಾನರೊಡನೆ ಮಾತಿಗೆ ಮಾತು ಬೆಳೆದು, ವರ್ಷಗಟ್ಟಲೆಯ ಸೌಹಾರ್ದವು ಕೆಲವು ನೂರು ರೂಪಾಯಿಗಳಿಗಾಗಿ ಕೆಡುವುದುಂಟು. ಈ ವಿರಸವನ್ನು ತಪ್ಪಿಸುವ ಕಾಲ ಬಿಲ್ಲು ಬಂದ ದಿನವಲ್ಲ, ಮನೆಗೆ ಮುಂಗಡ ಕೊಡುವ ದಿನ; ಇದೇ ನಾನು ಇಂದು ಹೇಳಬೇಕೆಂದಿರುವ ವಿಷಯ.

ಉದಾಹರಣೆಗೆ ಒಂದು ಊರನ್ನು ತೆಗೆದುಕೊಳ್ಳೋಣ. ಕಾರವಾರದಿಂದ ಕಾಳಿನದಿಯ ದಂಡೆಯನ್ನು ಹಿಡಿದು ಪೂರ್ವಕ್ಕೆ ಹೋದರೆ ಮಲ್ಲಾಪುರ ಸಿಕ್ಕುತ್ತದೆ. ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರ ವಸತಿನಗರ ಇರುವುದು ಇಲ್ಲಿಯೇ. ಹತ್ತಿರದಲ್ಲಿ ಕದ್ರಾ ಅಣೆಕಟ್ಟು. ಅದರ ವಿದ್ಯುದಾಗಾರದಲ್ಲಿ 50 ಮೆಗಾವಾಟಿನ ಮೂರು ಯಂತ್ರಗಳಿವೆ. ನದಿಯ ಮೇಲ್ಭಾಗದಲ್ಲಿರುವ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳು 2000ದಿಂದ 2011ರ ವರೆಗೆ ಒಂದೊಂದಾಗಿ ಕಾರ್ಯಾರಂಭ ಮಾಡಿದುವು. ಮೊದಲನೆಯ ಘಟಕವು 2016ನೆಯ ಮೇ 13ರಿಂದ 2018ನೆಯ ಡಿಸೆಂಬರ್ 31ರ ವರೆಗೆ 962 ದಿನಗಳ ಕಾಲ ಒಮ್ಮೆಯೂ ನಿಲ್ಲದೆ ಓಡಿ, ಆ ಕಾಲಕ್ಕೆ ಪ್ರಪಂಚದಲ್ಲಿಯೇ ದಾಖಲೆಯೆನಿಸಿತು. ದಕ್ಷಿಣದ ಹಲವು ರಾಜ್ಯಗಳ ದೀಪಗಳಿಗೆ ಇಲ್ಲಿಂದ ಶಕ್ತಿ ಹರಿಯುತ್ತದೆ.

ವಸತಿನಗರದೊಳಗೆ ಮನೆ ದೊರೆತವರ ಮಾತು ಬೇರೆ. ಗುತ್ತಿಗೆಯ ಕೆಲಸಕ್ಕೆ ಬಂದವರು, ಅಂಗಡಿಯನ್ನಿಟ್ಟವರು, ಇಲ್ಲಿಗೆ ವರ್ಗವಾಗಿ ಬಂದ ಉಪಾಧ್ಯಾಯರು ಬಾಡಿಗೆಯ ಕೋಣೆಗಳನ್ನೇ ಆಶ್ರಯಿಸಬೇಕು. ಮಹಾಯಂತ್ರಗಳ ನೆರೆಯಲ್ಲಿಯೇ ವಾಸಿಸುವ ಇವರಲ್ಲಿ ತನ್ನ ಕೋಣೆಯ ದೀಪದ ಲೆಕ್ಕ ಯಾವ ಮೀಟರಿನಲ್ಲಿ ಬೀಳುತ್ತಿದೆಯೆಂದು ತಿಳಿಯದವನೊಬ್ಬನಿದ್ದರೆ, ‘ದೀಪದ ಬುಡದಲ್ಲಿ ಕತ್ತಲೆ’ ಎಂಬ ಗಾದೆ ಅವನಿಗೆ ಅಕ್ಷರಶಃ ಒಪ್ಪುವುದು. ಅವನ ಸ್ಥಿತಿಯೇ ಮೈಸೂರು ಬೆಂಗಳೂರುಗಳ ಬಾಡಿಗೆದಾರನ ಸ್ಥಿತಿಯೂ ಹೌದು.

ಮೊದಲು ‘ಯೂನಿಟ್ಟು’ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಸಾವಿರ ವಾಟಿನ ಉಪಕರಣವು ಒಂದು ಗಂಟೆಯ ಕಾಲ ನಡೆದರೆ ಒಂದು ಯೂನಿಟ್ಟು ಖರ್ಚಾಗುತ್ತದೆ. 75 ವಾಟಿನ ಹಳೆಯ ಮಾದರಿಯ ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್ಟು. 28 ವಾಟಿನ ಹೊಸ ಮಾದರಿಯದಾದರೆ ಎಂಟೂವರೆಗೂ ಕಡಿಮೆ. ಎರಡು ಸಾವಿರ ವಾಟಿನ ನೀರು ಕಾಯಿಸುವ ಗೀಸರು ದಿನಕ್ಕೆ ಅರ್ಧ ಗಂಟೆ ನಡೆದರೆ ತಿಂಗಳಿಗೆ 30 ಯೂನಿಟ್ಟು. ಒಂಬತ್ತು ವಾಟಿನ ಎಲ್‌ಇಡಿ ದೀಪವಾದರೋ ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ಟನ್ನು ಮುಟ್ಟದು. ದೀಪವನ್ನು ಆರಿಸಲಿಲ್ಲವೆಂದು ಮಕ್ಕಳನ್ನು ಗದರಿಸುವ ಗೃಹಸ್ಥನು ಬಚ್ಚಲಿನ ಗೀಸರನ್ನು ಮರೆತಿದ್ದರೆ ಅವನ ಮಿತವ್ಯಯವು ವ್ಯರ್ಥವೆಂದೇ ತಿಳಿಯಬೇಕು.

ಈ ಯೂನಿಟ್ಟುಗಳನ್ನು ಎಣಿಸುವ ಉಪಾಯವೂ ಸ್ವಾರಸ್ಯವಾದುದು. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುದಾಗಾರವನ್ನು ತೆರೆದ ಎಡಿಸನ್ನನು ಗಿರಾಕಿಗಳ ಮನೆಗಳಲ್ಲಿ ಸತುವಿನ ತಗಡುಗಳನ್ನು ಮುಳುಗಿಸಿದ ಜಾಡಿಗಳನ್ನಿರಿಸಿದನು. ಪ್ರವಾಹವು ಹರಿದಂತೆಲ್ಲ ಸತುವು ಒಂದು ತಗಡಿನಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ತಗಡುಗಳನ್ನು ತೂಗಿ ಬಿಲ್ಲನ್ನು ಬರೆಯುತ್ತಿದ್ದರು. ಗಿರಾಕಿಯು ತಾನೇ ಓದಿ ನೋಡುವಂತೆ ಅದರಲ್ಲಿ ಏನೂ ಇರಲಿಲ್ಲ. ಬಳಿಕ 1889ರಲ್ಲಿ ಬುಡಾಪೆಸ್ಟಿನ ಓಟ್ಟೋ ಬ್ಲಾಥಿ ಎಂಬ ಇಂಜಿನಿಯರನು ಪ್ರವಾಹಕ್ಕೆ ಅನುಸಾರವಾಗಿ ತಿರುಗುವ ಲೋಹದ ಬಿಲ್ಲೆಯ ಮೀಟರನ್ನು ರಚಿಸಿದನು. ಆ ಜಾತಿಯ ಮೀಟರುಗಳು ನೂರು ವರ್ಷಕ್ಕೂ ಮೇಲ್ಪಟ್ಟು ನಮ್ಮ ಗೋಡೆಗಳ ಮೇಲೆ ತಿರುಗಿದುವು. ಇಂದಿನ ಮೀಟರಿನಲ್ಲಿ ಬಿಲ್ಲೆಯ ಬದಲಿಗೆ ಮಿಟುಕುವ ಸಣ್ಣ ದೀಪವಿದೆ. ಮೀಟರಿನ ಮುಖದ ಮೇಲೆ 3200 ಎಂದು ಬರೆದು ಪಕ್ಕದಲ್ಲಿ ಇಂಪಲ್ಸ್ ಎಂದಿದ್ದರೆ, ಆ ದೀಪವು 3200 ಸಲ ಮಿಟುಕಿದಾಗ ಒಂದು ಯೂನಿಟ್ಟು ಆಯಿತೆಂದು ಅರ್ಥ.

ಇದರಿಂದ ಬಾಡಿಗೆದಾರನಿಗೆ ಎರಡು ಪರೀಕ್ಷೆಗಳು ದೊರೆಯುತ್ತವೆ. ಮನೆಯ ಎಲ್ಲ ಉಪಕರಣಗಳನ್ನೂ ಆರಿಸಿ ಸಾವಿರ ವಾಟಿನ ನೀರು ಕಾಯಿಸುವ ರಾಡೊಂದನ್ನು ಮಾತ್ರ ನೀರಿನಲ್ಲಿಟ್ಟು ನಡೆಸಿರಿ. 3200ರ ಮೀಟರಾದರೆ ದೀಪವು ನಿಮಿಷಕ್ಕೆ ಸುಮಾರು 53 ಸಲ ಮಿಟುಕಬೇಕು. 1600ರದಾದರೆ ಸುಮಾರು 27 ಸಲ. ಎಣಿಕೆಯು ಇದಕ್ಕಿಂತ ಬಹಳ ಹೆಚ್ಚಾದರೆ ಮೀಟರಿನ ವಿಷಯದಲ್ಲಿ ಸಂಶಯಪಡಲು ಕಾರಣವುಂಟು. ಎರಡನೆಯದು ಇನ್ನೂ ಸುಲಭ. ಮನೆಯ ಮುಖ್ಯ ಸ್ವಿಚ್ಚನ್ನೇ ಆರಿಸಿ ನೋಡಿರಿ. ಆಗಲೂ ದೀಪವು ಮಿಟುಕುತ್ತಿದ್ದರೆ ಮೀಟರಿಗೂ ಸ್ವಿಚ್ಚಿಗೂ ನಡುವೆ ಎಲ್ಲಿಯೋ ಶಕ್ತಿಯು ಸೋರುತ್ತಿದೆ, ಇಲ್ಲವೆ ಬೇರೊಬ್ಬರ ತಂತಿಯು ನಿಮ್ಮ ಲೆಕ್ಕಕ್ಕೆ ಸೇರಿಕೊಂಡಿದೆ. ಕಾರವಾರದ ಸೀಮೆಯ ಮಳೆಗಾಲದಲ್ಲಿ ಗೋಡೆಗಳು ತಿಂಗಳುಗಟ್ಟಲೆ ಒದ್ದೆಯಾಗಿರುವುದರಿಂದ ಇಂತಹ ಸೋರಿಕೆಯು ಹಣಕ್ಕೆ ಮಾತ್ರವಲ್ಲ, ಪ್ರಾಣಕ್ಕೂ ಅಪಾಯಕರ. ಮೀಟರಿನ ಮುದ್ರೆಯನ್ನು ಮಾತ್ರ ಎಂದಿಗೂ ಮುಟ್ಟಬಾರದು; ಅದನ್ನು ಬಿಚ್ಚಿ ನೋಡುವುದು ಸರಬರಾಜು ಕಂಪನಿಯವರ ಕೆಲಸ.

ಇನ್ನು ದರದ ವಿಚಾರ. ‘ನಾನು ಹದಿನೈದು ದಿನ ಊರಿನಲ್ಲಿಯೇ ಇರಲಿಲ್ಲ; ಆದರೂ ಬಿಲ್ಲು ಏಕೆ ಬಂತು?’ ಎಂದು ಕೇಳುವವರಿದ್ದಾರೆ. ಬಿಲ್ಲಿನಲ್ಲಿ ಎರಡು ಭಾಗಗಳಿರುವುದೇ ಇದಕ್ಕೆ ಕಾರಣ. ಒಂದು ನಿಗದಿ ಶುಲ್ಕ. ಇನ್ನೊಂದು ಬಳಸಿದ ಯೂನಿಟ್ಟುಗಳ ಶುಲ್ಕ. ಈ ದ್ವಿಮುಖವಾದ ದರದ ತತ್ತ್ವವನ್ನು 1892ರಲ್ಲಿ ಇಂಗ್ಲೆಂಡಿನ ಜಾನ್ ಹಾಪ್ಕಿನ್ಸನ್ ಎಂಬ ವಿದ್ವಾಂಸನು ನಿರೂಪಿಸಿದನು. ಮಲ್ಲಾಪುರದವರಿಗೆ ಇದನ್ನು ಪುಸ್ತಕವಿಲ್ಲದೆಯೇ ತಿಳಿಸಬಹುದು. ನೀವು ದೀಪವನ್ನು ಹಾಕಿದರೂ ಹಾಕದಿದ್ದರೂ ಯಂತ್ರಗಳೂ ತಂತಿಗಳೂ ಕಂಬಗಳೂ ಅವನ್ನು ಕಾಯುವ ಜನರೂ ಸದಾ ಸಿದ್ಧವಾಗಿರಬೇಕಲ್ಲವೆ? ಆ ಸಿದ್ಧತೆಯ ಬೆಲೆಯೇ ನಿಗದಿ ಶುಲ್ಕ. ನಿಮ್ಮ ಮನೆಗೆ ಮಂಜೂರಾದ ಕಿಲೋವಾಟುಗಳ ಮೇಲೆ ಅದನ್ನು ಲೆಕ್ಕ ಹಾಕುತ್ತಾರೆ. ಒಂದು ಕಿಲೋವಾಟು ಸಾಕಾಗುವ ಸಣ್ಣ ಸಂಸಾರವು ಹಿಂದಿನ ಬಾಡಿಗೆದಾರರ ಕಾಲದಲ್ಲಿ ಮಂಜೂರಾದ ಮೂರು ಕಿಲೋವಾಟುಗಳಿಗೆ ತಿಂಗಳು ತಿಂಗಳೂ ಹಣ ತೆರುತ್ತಿರಬಹುದು. ಮಂಜೂರಾದ ಈ ಭಾರವನ್ನು ಅರ್ಜಿಯ ಮೂಲಕ ಇಳಿಸಿಕೊಳ್ಳಲು ಅವಕಾಶವಿದೆ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2025ರ ಮಾರ್ಚಿಯಲ್ಲಿ ಹೊರಡಿಸಿದ ಆದೇಶದಂತೆ 2025–26ನೆಯ ಸಾಲಿಗೆ ಗೃಹಬಳಕೆಯ ದರವು ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ನಿಗದಿ ಶುಲ್ಕವು ಕಿಲೋವಾಟಿಗೆ ತಿಂಗಳಿಗೆ 145 ರೂಪಾಯಿ. ಇದರ ಮೇಲೆ ನೌಕರರ ಪಿಂಚಣಿಯ ಬಾಬ್ತು ಯೂನಿಟ್ಟಿಗೆ 36 ಪೈಸೆಯ ಮೇಲ್ತೆರಿಗೆಯೂ, ಶೇಕಡ 9ರ ವಿದ್ಯುತ್ ತೆರಿಗೆಯೂ ಸೇರಿದುವು. 2024ಕ್ಕೆ ಮೊದಲು ಬಳಕೆಯು ಹೆಚ್ಚಿದಂತೆ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಆ ವರ್ಷದ ಆದೇಶವು ಮೆಟ್ಟಿಲುಗಳನ್ನು ತೆಗೆದು ಎಲ್ಲ ಯೂನಿಟ್ಟುಗಳಿಗೂ ಒಂದೇ ದರವನ್ನಿಟ್ಟಿತು. ಆದರೂ ಬಾಡಿಗೆದಾರನು ಎಡವಬಹುದಾದ ಒಂದು ಹೊಸಿಲು ಇನ್ನೊಂದು ಕಡೆಯಿಂದ ಬಂದಿದೆ. ಅದೇ ‘ಗೃಹಜ್ಯೋತಿ’ ಯೋಜನೆಯ 200 ಯೂನಿಟ್ಟಿನ ಮಿತಿ.

ಈ ಯೋಜನೆಯನ್ನು ರಾಜ್ಯ ಸರ್ಕಾರವು 2023ನೆಯ ಆಗಸ್ಟ್ 5ರಂದು ಕಲಬುರಗಿಯಲ್ಲಿ ಪ್ರಾರಂಭಿಸಿತು. 2022–23ನೆಯ ಸಾಲಿನ ಸರಾಸರಿ ಬಳಕೆಗೆ ಶೇಕಡ 10ನ್ನು ಸೇರಿಸಿ ಪ್ರತಿಯೊಂದು ಮನೆಗೂ ಒಂದು ಪ್ರಮಾಣವನ್ನು ನಿಶ್ಚಯಿಸಿದರು. ಹಳೆಯ ಲೆಕ್ಕವಿಲ್ಲದ ಹೊಸ ಮನೆಗಳಿಗೆ ಈ ಪ್ರಮಾಣವು 58 ಯೂನಿಟ್ಟು. ಬಳಕೆಯು ಈ ಪ್ರಮಾಣದೊಳಗಿದ್ದರೆ ಬಿಲ್ಲು ಸೊನ್ನೆ. ಅದನ್ನು ಮೀರಿದರೆ ಹೆಚ್ಚಾದ ಭಾಗಕ್ಕೆ ಹಣ. 200 ಯೂನಿಟ್ಟನ್ನು ಮೀರಿದರೆ ಪೂರ್ತಿ ಬಿಲ್ಲು. ಒಬ್ಬ ಯಜಮಾನನ ಹೆಸರಿನಲ್ಲಿ ಹಲವು ಮೀಟರುಗಳಿದ್ದರೂ ಅವನಿಗೆ ಒಂದಕ್ಕೆ ಮಾತ್ರ ಈ ಸೌಲಭ್ಯ. ಉಳಿದ ಮನೆಗಳಲ್ಲಿರುವ ಬಾಡಿಗೆದಾರರು ಬಾಡಿಗೆಯ ಕರಾರುಪತ್ರ ಮೊದಲಾದ ಆಧಾರವನ್ನು ತೋರಿಸಿ ತಮ್ಮ ಹೆಸರಿನಲ್ಲಿಯೇ ನೋಂದಾಯಿಸಿಕೊಳ್ಳಬಹುದು. ಮನೆಯನ್ನು ಬದಲಾಯಿಸುವವರು ಹಳೆಯ ಮನೆಯ ನೋಂದಣಿಯನ್ನು ಬಿಡಿಸಿಕೊಂಡು ಹೊಸ ಮನೆಗೆ ಮಾಡಿಸಿಕೊಳ್ಳುವ ಏರ್ಪಾಡು 2024ರಲ್ಲಿ ಬಂದಿತು.

ಈಗ ಒಂದು ಚಾಳನ್ನು ಊಹಿಸಿಕೊಳ್ಳಿರಿ. ಮೈಸೂರಿನವರು ವಠಾರವೆನ್ನುವುದನ್ನೇ ಕಾರವಾರದವರು ಚಾಳು ಎನ್ನುತ್ತಾರೆ. ನಾಲ್ಕು ಸಂಸಾರಗಳು, ಒಂದೊಂದರ ಬಳಕೆ ತಿಂಗಳಿಗೆ 55 ಯೂನಿಟ್ಟು. ಕಂಪನಿಯ ಮೀಟರು ಒಂದೇ. ಅದಕ್ಕೆ ಮೂರು ಕಿಲೋವಾಟು ಮಂಜೂರಾಗಿದೆ. ಒಳಗೆ ಯಜಮಾನರು ತಾವೇ ಹಾಕಿಸಿದ ನಾಲ್ಕು ಸಣ್ಣ ಉಪಮೀಟರುಗಳಿವೆ. ಒಟ್ಟು ಬಳಕೆ 220 ಯೂನಿಟ್ಟಾದುದರಿಂದ ಸೌಲಭ್ಯವು ಯಾರಿಗೂ ಇಲ್ಲ. ತಿಂಗಳು ತಿಂಗಳೂ ಏರಿಳಿಯುವ ಇಂಧನದ ಹೊಂದಾಣಿಕೆಯನ್ನು ಬಿಟ್ಟರೆ ಮೇಲೆ ಹೇಳಿದ ದರದಲ್ಲಿ ಬಿಲ್ಲು ಸುಮಾರು 1,905 ರೂಪಾಯಿ, ಸಂಸಾರವೊಂದಕ್ಕೆ 476. ಯಜಮಾನರು ಲೆಕ್ಕದ ತೊಡಕೇ ಬೇಡವೆಂದು ಯೂನಿಟ್ಟಿಗೆ ಹತ್ತು ರೂಪಾಯಿಯಂತೆ ಕೇಳಿದರೆ ಸಂಸಾರವೊಂದು 550 ರೂಪಾಯಿ ಕೊಡಬೇಕಾಗುವುದು. ವರ್ಷಕ್ಕೆ ಸುಮಾರು 880 ರೂಪಾಯಿಗಳ ಈ ವ್ಯತ್ಯಾಸವು ‘ಸುಲಭ ಲೆಕ್ಕ’ದ ಬೆಲೆ.

ಅದೇ ನಾಲ್ಕು ಕೋಣೆಗಳಿಗೂ ಕಂಪನಿಯ ಪ್ರತ್ಯೇಕ ಮೀಟರುಗಳಿದ್ದು, ನಾಲ್ವರೂ ನೋಂದಾಯಿಸಿಕೊಂಡಿದ್ದರೆ, 55 ಯೂನಿಟ್ಟು 58ರ ಒಳಗೇ ಇರುವುದರಿಂದ ನಾಲ್ಕು ಬಿಲ್ಲುಗಳೂ ಸೊನ್ನೆಯಾಗುವುವು. ಒಂದು ಫ್ಯಾನೂ ಹೆಚ್ಚಲಿಲ್ಲ, ಒಂದು ದೀಪವೂ ಕಡಿಮೆಯಾಗಲಿಲ್ಲ. ಎಣಿಸುವ ಪೆಟ್ಟಿಗೆಯು ಬದಲಾಯಿತು, ಅಷ್ಟೆ. ಆದರೆ ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಲೆಕ್ಕವು ಪ್ರಾಮಾಣಿಕವಾಗದು. ಈ ಸೌಲಭ್ಯವಿಲ್ಲದಿದ್ದರೆ ಒಂದು ಕಿಲೋವಾಟಿನ ಪ್ರತ್ಯೇಕ ಮೀಟರಿನ ಬಿಲ್ಲು ಸುಮಾರು 512 ರೂಪಾಯಿ. ಹಂಚಿಕೊಂಡ ಬಿಲ್ಲಿಗಿಂತ ತುಸು ಹೆಚ್ಚೇ. ನಾಲ್ಕು ಮನೆಗಳು ನಾಲ್ಕು ಸಲ ನಿಗದಿ ಶುಲ್ಕವನ್ನು ತೆರುವುದೇ ಇದಕ್ಕೆ ಕಾರಣ. ಆದುದರಿಂದ ಪ್ರತ್ಯೇಕ ಮೀಟರು ಎಂದೆಂದಿಗೂ ಅಗ್ಗವೆಂದು ಹೇಳಲಾಗದು. ಆದರೆ ನೆರೆಯವನ ಬಾಕಿಗಾಗಿ ನಿಮ್ಮ ಮನೆ ಕತ್ತಲಾಗದು. ನಿಮ್ಮ ಲೆಕ್ಕವನ್ನು ನೀವೇ ಓದಬಹುದು. ದೂರಿದ್ದರೆ ನೀವೇ ಬರೆದುಕೊಳ್ಳಬಹುದು. ಇವು ರೂಪಾಯಿಯಲ್ಲಿ ಅಳೆಯಲಾಗದ ಲಾಭಗಳು.

‘ಯಜಮಾನರು ಒಪ್ಪದಿದ್ದರೆ?’ ಎಂದು ನೀವು ಕೇಳಬಹುದು. 2003ನೆಯ ವಿದ್ಯುಚ್ಛಕ್ತಿ ಅಧಿನಿಯಮದ 43ನೆಯ ಪ್ರಕರಣವು, ಕಟ್ಟಡದ ಒಡೆಯನಾಗಲಿ ಅದರಲ್ಲಿ ವಾಸಿಸುವವನಾಗಲಿ ಅರ್ಜಿ ಕೊಟ್ಟರೆ ಸರಬರಾಜು ಕಂಪನಿಯು ವಿದ್ಯುತ್ತನ್ನು ಒದಗಿಸತಕ್ಕದ್ದೆಂದು ವಿಧಿಸಿದೆ. ‘ವಾಸಿಸುವವನು’ ಎಂಬ ಆ ಒಂದು ಮಾತೇ ಬಾಡಿಗೆದಾರನ ಬಲ. 2022ರ ಮೇ ತಿಂಗಳಲ್ಲಿ ಸುಪ್ರೀಮ್ ಕೋರ್ಟು ದಿಲೀಪ್ ಮತ್ತು ಸತೀಶ್ ಎಂಬವರ ಮೊಕದ್ದಮೆಯಲ್ಲಿ ಇದನ್ನು ಇನ್ನೂ ಸ್ಪಷ್ಟಪಡಿಸಿತು: ವಿದ್ಯುತ್ತು ಮೂಲಭೂತವಾದ ಅನುಕೂಲ, ಮನೆಯ ಒಡೆಯನು ಒಪ್ಪಿಗೆಯ ಪತ್ರವನ್ನು ಕೊಡಲಿಲ್ಲವೆಂಬ ಕಾರಣದಿಂದ ಬಾಡಿಗೆದಾರನಿಗೆ ಅದನ್ನು ನಿರಾಕರಿಸಲಾಗದು, ಅರ್ಜಿದಾರನು ಅಲ್ಲಿ ವಾಸವಾಗಿರುವನೇ ಎಂಬುದನ್ನಷ್ಟೆ ನೋಡತಕ್ಕದ್ದು. ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿಯಂತೆ ಹೊಸ ಸಂಪರ್ಕಕ್ಕೆ ಗ್ರಾಮಾಂತರದಲ್ಲಿ 15 ದಿನಗಳ ಗಡುವು. ಗುಡ್ಡಗಾಡಿನ ಗ್ರಾಮಗಳಲ್ಲಿ 30 ದಿನಗಳು.

ಹಾಗೆಂದು ಯಜಮಾನರ ಭಯವೆಲ್ಲವೂ ನಿರಾಧಾರವೆನ್ನಲಾಗದು. ಬಾಡಿಗೆದಾರನು ಬಾಕಿಯನ್ನು ಉಳಿಸಿ ರಾತ್ರೋರಾತ್ರಿ ಹೊರಟುಹೋದರೆ ಆ ಹೊರೆಯು ಮನೆಯ ಮೇಲೆಯೇ ಬೀಳುವುದುಂಟು. ಹಿಂದಿನವರ ಬಾಕಿಯನ್ನು ತೀರಿಸಿದ ಹೊರತು ಹೊಸ ಸಂಪರ್ಕವಿಲ್ಲವೆಂಬ ನಿಬಂಧನೆಯನ್ನು ಸುಪ್ರೀಮ್ ಕೋರ್ಟು 2023ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಆದುದರಿಂದ ಹಕ್ಕಿನ ಮಾತನ್ನು ಎತ್ತುವ ಮೊದಲು ವಿಶ್ವಾಸದ ಏರ್ಪಾಡನ್ನು ಮಾಡಿಕೊಳ್ಳುವುದು ಲೇಸು. ಮೀಟರು ಯಜಮಾನರ ಹೆಸರಿನಲ್ಲಿಯೇ ಪ್ರತ್ಯೇಕವಾಗಿರಲಿ. ಬಿಲ್ಲನ್ನು ಬಾಡಿಗೆದಾರನೇ ಕಟ್ಟತಕ್ಕದ್ದೆಂದು ಕರಾರಿನಲ್ಲಿ ಬರೆಯಲಿ. ಎರಡು ತಿಂಗಳ ಬಿಲ್ಲಿನಷ್ಟು ಹಣವು ಮುಂಗಡದಲ್ಲಿ ಸೇರಿರಲಿ. ಇದರಿಂದ ಇಬ್ಬರಿಗೂ ನಿದ್ರೆ ಬರುವುದು.

ಇನ್ನೊಂದು ಮಾರ್ಗ ಮುಂಗಡಪಾವತಿಯ ಮೀಟರು. ಇದರಲ್ಲಿ ಹಣವನ್ನು ಮೊದಲು ತುಂಬಿ ಬಳಿಕ ವಿದ್ಯುತ್ತನ್ನು ಬಳಸುವುದು. ಇದಕ್ಕೆ ಒಪ್ಪುವವನಿಂದ ಕಂಪನಿಯು ಭದ್ರತಾ ಠೇವಣಿಯನ್ನು ಕೇಳಕೂಡದೆಂದು ಅದೇ ಅಧಿನಿಯಮದ 47ನೆಯ ಪ್ರಕರಣವು ಹೇಳುತ್ತದೆ. ಬಾಕಿ ಉಳಿಯುವ ಪ್ರಶ್ನೆಯೇ ಇಲ್ಲದುದರಿಂದ ಯಜಮಾನರಿಗೆ ಇದು ಹಿತ. ಆದರೆ ತಿಂಗಳ ಕೊನೆಯಲ್ಲಿ ಕೈ ಬರಿದಾಗುವ ಸಂಸಾರಕ್ಕೆ ಹಣ ಮುಗಿದ ಗಳಿಗೆಯೇ ದೀಪವೂ ಆರುವ ಭಯವಿದೆ. ಸಂಬಳವು ಕ್ಲಪ್ತವಾಗಿ ಬರುವವರಿಗೆ ಇದು ಒಪ್ಪುವುದು. ದಿನಗೂಲಿಯವರು ಯೋಚಿಸಿ ಒಪ್ಪಿಕೊಳ್ಳಬೇಕು.

ಉಪಮೀಟರೇ ಗತಿಯೆಂದಾದಲ್ಲಿಯೂ ನ್ಯಾಯವಾದ ದಾರಿಯೊಂದುಂಟು. ತಿಂಗಳ ನಿಜವಾದ ಬಿಲ್ಲನ್ನು ಎಲ್ಲರಿಗೂ ತೋರಿಸಿ, ಅವರವರ ಯೂನಿಟ್ಟಿಗೆ ಅನುಸಾರವಾಗಿ ಹಂಚುವುದು. ಬಾವಿಯ ಪಂಪು, ಮೆಟ್ಟಿಲಿನ ದೀಪ ಇವುಗಳ ಖರ್ಚು ಯಾರದೆಂಬುದನ್ನು ಮೊದಲೇ ಗೊತ್ತುಮಾಡುವುದು. ಮುಖ್ಯ ಮೀಟರಿನ ಸಂಖ್ಯೆಗೂ ಉಪಮೀಟರುಗಳ ಮೊತ್ತಕ್ಕೂ ವ್ಯತ್ಯಾಸ ಬರುವುದು ಇಲ್ಲಿಯೇ. ಜಗಳಗಳ ಬೇರೂ ಇಲ್ಲಿಯೇ.

ದರದ ವರ್ಗವನ್ನೂ ಗಮನಿಸಬೇಕು. ಹಿಂದೆ ಅಂಗಡಿಯಾಗಿದ್ದ ಕೋಣೆಯಲ್ಲಿ ಸಂಸಾರ ಹೂಡಿದವನು ವರ್ಗವನ್ನು ಬದಲಾಯಿಸಿಕೊಳ್ಳದಿದ್ದರೆ ವಾಣಿಜ್ಯದ ದರವನ್ನೇ ತೆರಬೇಕಾಗುವುದು, ಗೃಹಜ್ಯೋತಿಯೂ ಅವನಿಗಿಲ್ಲ. ಇದಕ್ಕೆ ವಿಪರೀತವಾಗಿ, ಮನೆಯ ಮೀಟರಿನಲ್ಲಿ ಅಂಗಡಿಯನ್ನು ನಡೆಸಿದರೆ 126ನೆಯ ಪ್ರಕರಣದಂತೆ ಆ ವರ್ಗದ ದರದ ಎರಡರಷ್ಟನ್ನು ವಿಧಿಸಬಹುದು. ಈಗತಾನೆ ಕಟ್ಟಿದ ಮನೆಯಾದರೆ ಸಂಪರ್ಕವು ಕಾಯಂ ಆದುದೋ ತಾತ್ಕಾಲಿಕವೋ ಎಂದು ಕೇಳಿರಿ. ತಾತ್ಕಾಲಿಕ ಸಂಪರ್ಕದ ದರವು ಬಹಳ ಹೆಚ್ಚು.

ಬಿಲ್ಲಿನ ಮೇಲೆ ಆಕ್ಷೇಪವಿದ್ದರೆ ಸುಮ್ಮನೆ ಕಟ್ಟದೆ ಕುಳಿತಿರಬೇಡಿರಿ. ಬಾಕಿಗಾಗಿ ಸಂಪರ್ಕವನ್ನು ಕಡಿಯುವ ಮೊದಲು ಪೂರ್ಣ 15 ದಿನಗಳ ಲಿಖಿತ ನೋಟೀಸು ಕೊಡಬೇಕೆಂದು 56ನೆಯ ಪ್ರಕರಣವು ವಿಧಿಸಿದೆ. ಕೇಳಿದ ಹಣವನ್ನಾಗಲಿ, ಹಿಂದಿನ ಆರು ತಿಂಗಳ ಸರಾಸರಿಯ ಹಣವನ್ನಾಗಲಿ, ಯಾವುದು ಕಡಿಮೆಯೋ ಅದನ್ನು ಆಕ್ಷೇಪವನ್ನು ಸೂಚಿಸಿ ಕಟ್ಟಿದರೆ, ವಿವಾದವು ತೀರುವ ವರೆಗೆ ದೀಪವು ಉರಿಯುತ್ತಿರುವುದು. ಮಲ್ಲಾಪುರದವರಿಗೆ ಸಂಬಂಧಪಟ್ಟ ಕಂಪನಿ ಹುಬ್ಬಳ್ಳಿಯ ಹೆಸ್ಕಾಂ; ದೂರವಾಣಿಯ ಸಂಖ್ಯೆ 1912. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಗ್ರಾಹಕರ ಕುಂದುಕೊರತೆಗಳ ವೇದಿಕೆಯುಂಟು. ಅದರ ಮೇಲೆ ಓಂಬುಡ್ಸ್‌ಮನ್ ಎಂಬ ಅಧಿಕಾರಿಯೂ ಉಂಟು.

ಇಷ್ಟೆಲ್ಲ ಹೇಳಿದುದನ್ನು ಮೂರು ಪ್ರಶ್ನೆಗಳಲ್ಲಿ ಅಡಗಿಸಬಹುದು. ಮನೆಯನ್ನು ನೋಡಲು ಹೋದ ದಿನ ಯಜಮಾನರನ್ನು ವಿನಯದಿಂದ ಕೇಳಿರಿ: ‘ಈ ಮನೆಗೆ ಕಂಪನಿಯ ಪ್ರತ್ಯೇಕ ಮೀಟರುಂಟೇ? ಕಳೆದ ತಿಂಗಳ ಬಿಲ್ಲನ್ನು ತೋರಿಸುವಿರಾ? ಇಂದಿನ ಅಂಕಿಯನ್ನು ಇಬ್ಬರೂ ಬರೆದುಕೊಳ್ಳೋಣವೇ?’ ಬಿಲ್ಲಿನಲ್ಲಿ ಆರ್. ಆರ್. ನಂಬರು, ದರದ ವರ್ಗ, ಮಂಜೂರಾದ ಕಿಲೋವಾಟು, ಹಳೆಯ ಬಾಕಿ, ಎಲ್ಲವೂ ಇರುತ್ತವೆ. ಅಂಕಿಯನ್ನು ಕರಾರುಪತ್ರದಲ್ಲಿಯೇ ಬರೆಯಿರಿ. ಮೀಟರಿನ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿರಿ. ಮನೆಯನ್ನು ಬಿಡುವ ದಿನವೂ ಹಾಗೆಯೇ ಮಾಡಿರಿ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಜನರು ಅದನ್ನು ವಿಸ್ಮಯವೆಂದರು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದಾಗ ವೈಭವವೆಂದರು. ಇಂದು ಅದು ವಿಸ್ಮಯವೂ ಅಲ್ಲ, ವೈಭವವೂ ಅಲ್ಲ. ಅಕ್ಕಿ ಉಪ್ಪುಗಳಂತೆ ದಿನಬಳಕೆಯ ಪದಾರ್ಥ. ಅಕ್ಕಿಯನ್ನು ಕೊಳ್ಳುವಾಗ ತಕ್ಕಡಿಯನ್ನು ನೋಡುವ ನಾವು, ವಿದ್ಯುತ್ತನ್ನು ಕೊಳ್ಳುವಾಗಲೂ ತಕ್ಕಡಿಯನ್ನು ನೋಡುವುದು ಅವಿಶ್ವಾಸವಲ್ಲ, ಗೃಹಸ್ಥಧರ್ಮ. ಬಾಡಿಗೆಯ ಮನೆಯಲ್ಲಿ ಆ ತಕ್ಕಡಿಯು ಬಾಗಿಲಿನ ಪಕ್ಕದಲ್ಲಿಯೇ ಮಿಟುಕುತ್ತಿದೆ.